ಸ್ಕ್ರಿಪ್ಟ್ ಫಾಂಟ್ ತಪ್ಪೇನೂ ಮಾಡಿಲ್ಲ

ಪ್ರಶ್ನೆ: ಆಹ್ವಾನ ಪತ್ರಿಕೆಗೆ ಚೆಂದದ ಇಂಗ್ಲಿಷ್ ಕೈಬರಹದ ಫಾಂಟ್ (ಸ್ಕ್ರಿಪ್ಟ್ ಫಾಂಟ್) ಆರಿಸಿದೆ. ಹೆಸರುಗಳನ್ನೆಲ್ಲ ಕ್ಯಾಪಿಟಲ್ ಅಕ್ಷರಗಳಲ್ಲೇ ಹಾಕಿ, ನಡುನಡುವೆ ಸ್ವಲ್ಪ ಜಾಗ ಬಿಟ್ಟೆ. ಯಾರಿಗೂ ಓದಲಾಗುತ್ತಿಲ್ಲ. ಬೇರೆ ಫಾಂಟ್ ಕೊಳ್ಳಲೇ?

ಉತ್ತರ: ಬೇಡ. ಅದನ್ನು ಕೊಂಡರೂ ಹೀಗೇ ಕೆಡಿಸುತ್ತೀರಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಇಂಥ ಫಾಂಟಿನ ಕ್ಯಾಪಿಟಲ್ ಅಕ್ಷರ ಪದದ ಮೊದಲಲ್ಲಿ ಒಂಟಿಯಾಗಿ ನಿಲ್ಲಲೆಂದೇ ಹುಟ್ಟಿದ್ದು. ಅದರ ಸುರುಳಿಗೆ ಸುತ್ತ ಜಾಗ ಬೇಕು. ಎಂಟು ಕ್ಯಾಪಿಟಲ್‌ಗಳನ್ನು ಸಾಲಾಗಿ ನಿಲ್ಲಿಸಿದರೆ, ಇಕ್ಕಟ್ಟಿನ ಓಣಿಯಲ್ಲಿ ಎಲ್ಲರೂ ಒಟ್ಟಿಗೆ ಕೊಡೆ ಬಿಡಿಸಿದ ಹಾಗೆ. ಸಣ್ಣಕ್ಷರಗಳ ಕತೆ ಬೇರೆ. ಒಂದರ ಬಾಲ ಮುಗಿಯುವಲ್ಲೇ ಇನ್ನೊಂದು ಶುರುವಾಗುತ್ತದೆ. ನಡುವೆ ಜಾಗ ಬಿಟ್ಟಿರೋ, ಬಾಲ ತುಂಡಾಯಿತು. 1953ರಲ್ಲಿ ಫ್ರಾನ್ಸಿನ ಅಕ್ಷರ ವಿನ್ಯಾಸಕ ರೋಜೆ ಎಕ್ಸ್‌ಕೋಫೋನ್ ತನ್ನದೇ ಕೈಬರಹದಿಂದ ಮಿಸ್ಟ್ರಾಲ್ ಎಂಬ ಫಾಂಟ್ ಮಾಡಿದಾಗ, ಲೋಹದ ಅಚ್ಚುಮೊಳೆಗಳಲ್ಲೇ ಈ ಜೋಡಣೆ ಸಾಧಿಸಿದ್ದ. ನೀವು ಒಂದು ಕ್ಲಿಕ್ಕಿನಲ್ಲಿ ಅದನ್ನು ಕತ್ತರಿಸುತ್ತೀರಿ!

"ಜಾಗ ಬಿಟ್ಟರೆ ಪ್ರೀಮಿಯಂ ಕಾಣುತ್ತೆ" ಎಂದು ವಿಡಿಯೋದಲ್ಲಿ ಬೋಧಿಸುವ ಗುರುಗಳಿಂದ ಬಂದ ರೋಗ ಇದು. ಆ ಮಾತು ನೆಟ್ಟಗೆ ನಿಂತ, ಬಿಡಿ ಬಿಡಿ ಕ್ಯಾಪಿಟಲ್‌ಗಳಿಗೆ ಸರಿ. ಇಲ್ಲಿ ಅಂತರ ಸೊನ್ನೆಯಲ್ಲೇ ಇರಲಿ.

ಗೆರೆಯನ್ನೂ ನೋಡಿ. ಚೂಪು ನಿಬ್ಬನ್ನು ಒತ್ತಿ ಕೆಳಗೆಳೆದರೆ ತುದಿ ಸೀಳಿ ದಪ್ಪ ಗೆರೆ, ಹಗುರವಾಗಿ ಮೇಲಕ್ಕೆ ಒಯ್ದರೆ ಕೂದಲೆಳೆ. ಈ ಫಾಂಟ್‌ಗಳ ಅಂದವೆಲ್ಲ ಆ ವ್ಯತ್ಯಾಸದಲ್ಲಿದೆ. ಚಿಕ್ಕ ಅಳತೆಯಲ್ಲಿ ಕೂದಲೆಳೆ ಮಾಯ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಅಚ್ಚು ಹಾಕಿಸಿದರಂತೂ ಮಸಿ ಹರಡಿ ಅದನ್ನು ನುಂಗುತ್ತದೆ. ಹಾಗಂತ ಬೋಲ್ಡ್ ಗುಂಡಿ ಒತ್ತಬೇಡಿ. ಆ ಫಾಂಟಿಗೆ ಬೋಲ್ಡ್ ರೂಪವೇ ಇಲ್ಲದಿದ್ದರೆ, ತಂತ್ರಾಂಶ ಎಲ್ಲ ಗೆರೆಗೂ ಸುಮ್ನೆ ಮಸಿ ಮೆತ್ತುತ್ತದೆ. ಹೆಸರನ್ನು ದೊಡ್ಡದಾಗಿ ಇದರಲ್ಲಿ ಹಾಕಿ. ದಿನಾಂಕ, ಸ್ಥಳ, ಫೋನ್ ನಂಬರ್ ಸಾದಾ ಫಾಂಟಿನಲ್ಲಿರಲಿ.

ಪ್ರಶ್ನೆ: ಇಡೀ ಪತ್ರವನ್ನೇ ಇದರಲ್ಲಿ ಹಾಕಬಹುದೇ?

ಉತ್ತರ: ಹಾಕಬಹುದು, ಯಾರೂ ಓದಬಾರದು ಅಂತಿದ್ದರೆ.

ಪ್ರಶ್ನೆ: ಅದೇ ಫಾಂಟಿನಲ್ಲಿ ಕನ್ನಡ ಟೈಪಿಸಿದೆ, ಅಂದವಾಗಿ ಬರಲಿಲ್ಲ.

ಉತ್ತರ: ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನಿಮಗೆ ಕಂಡಿದ್ದು ಕಂಪ್ಯೂಟರ್ ಬೇರೆ ಕಡೆಯಿಂದ ಎರವಲು ತಂದ ಫಾಂಟು.

ಪ್ರಶ್ನೆ: ಪುಕ್ಕಟೆ ಸಿಕ್ಕ ಫಾಂಟನ್ನು ಅಂಗಡಿಯ ಲೋಗೋಗೆ ಬಳಸಬಹುದಲ್ವಾ?

ಉತ್ತರ: ಲೈಸೆನ್ಸ್ ಓದಿದಿರಾ? "ಸ್ವಂತ ಬಳಕೆಗೆ ಮಾತ್ರ" ಎಂದಿದ್ದರೆ ಲೋಗೋಗೆ ಸಲ್ಲದು. ಸಾವಿರಾರು ಫಾಂಟ್‌ಗಳನ್ನು ಮೂರು ಕಾಸಿಗೆ ಮಾರುವ ಬಂಡಲ್‌ಗಳನ್ನು ನಾನಂತೂ ಮುಟ್ಟುವುದಿಲ್ಲ.

ಪ್ರಶ್ನೆ: ಅಚ್ಚಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್‌ಗೆ ಬದಲಿಸಲೇಬೇಕೇ?

ಉತ್ತರ: ಕರ್ವ್ ಅಂದರೆ ಅಕ್ಷರವನ್ನು ಫಾಂಟಿನ ಹಂಗಿಲ್ಲದ ಬರೀ ಚಿತ್ರದ ಗೆರೆಯಾಗಿಸುವುದು. ನಾನು ಬದಲಿಸಿಯೇ ಕಳಿಸುತ್ತೇನೆ. ಒಮ್ಮೆ ಮರೆತಿದ್ದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಬಳುಕಬೇಕಿದ್ದ ಹೆಸರು ಸರ್ಕಾರಿ ನೋಟಿಸಿನಂತೆ ಅಚ್ಚಾಗಿ ಬಂತು. ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಕರ್ವ್ ಆದ ಮೇಲೆ ಕಾಗುಣಿತದ ತಪ್ಪು ಕಣ್ಣಿಗೆ ಬಿದ್ದರೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ.