ಮೆಸೇಜಲ್ಲಿ ತಪ್ಪುತಪ್ಪಾಗಿ ಬರೆಯೋ ಹುಡುಗನ್ನ ಆ ಒಂದೇ ಕಾರಣಕ್ಕೆ ಬೇಡ ಅನ್ನೋದು ಸರೀನಾ?

ನಿಮ್ಮ ಪ್ರಶ್ನೆ ಇಷ್ಟು: ಮ್ಯಾಟ್ರಿಮೊನಿಯಲ್ಲಿ ಸಿಕ್ಕಿರೋ ಹುಡುಗ ಕೆಲಸ, ಮನೆತನ, ನೋಡೋಕೆ ಎಲ್ಲಾ ಓಕೆ, ಆದ್ರೆ ದಿನಾ 'ಡಿಡ್ ಯೂ ಹ್ಯಾಡ್ ಯುವರ್ ಡಿನ್ನರ್' ಅಂತ ಕಳಿಸ್ತಾನೆ, ಪ್ರೊಫೈಲಲ್ಲಿ 'ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್' ಅಂತ ಬರ್ಕೊಂಡಿದಾನೆ, ಕನ್ನಡದಲ್ಲಾದ್ರೂ ಬರೀಲಿ ಅಂದ್ರೆ ಹಾಸನ ಹೋಗಿ ಆಸನ ಆಗುತ್ತೆ, ಓದ್ತಿದ್ದಂಗೆ ಇಂಟರೆಸ್ಟೇ ಹೋಗುತ್ತೆ, ನಾನು ತುಂಬಾ ಜಂಬದೋಳಾ? ಅಂತ.

ಜಂಬ ಗಿಂಬ ಏನಿಲ್ಲ ಬಿಡಿ. ಇಂಟರೆಸ್ಟ್ ಹೋಗೋದು ಯಾರ ಕೈಯಲ್ಲೂ ಇಲ್ಲ, ಕೆಲವರಿಗೆ ಸೆಂಟ್ ವಾಸನೆಗೆ ಹೋಗುತ್ತೆ, ಕೆಲವರಿಗೆ ಟಿಕ್‌ಟಿಕ್ ಅಂತ ಬೆರಳು ಲಟಕೆ ಮುರಿಯೋದು ನೋಡಿದ್ರೆ ಹೋಗುತ್ತೆ. ಆದ್ರೆ ಅದನ್ನ ಹಿಡ್ಕೊಂಡು ಈತ ದಡ್ಡ, ಓದಿಲ್ಲ, ನನ್ನ ಲೆವೆಲ್ ಅಲ್ಲ ಅನ್ನೋವರೆಗೂ ಹೋಗ್ತೀವಲ್ಲ, ಅಲ್ಲಿ ನನ್ನ ತಕರಾರು. ತಪ್ಪಲ್ಲೂ ಬೇರೆಬೇರೆ ಜಾತಿ ಇದೆ ರೀ. ಒಂದೊಂದು ತಪ್ಪು ಒಂದೊಂದು ವಿಷಯ ಹೇಳುತ್ತೆ, ಕೆಲವಂತೂ ಏನೂ ಹೇಳಲ್ಲ.

ನಾನು ಇಷ್ಟೊಂದು ಮಾತಾಡೋಕೆ ಕಾರಣ, ನನ್ನ ಹೊಟ್ಟೆಪಾಡೇ ಕರಡು ತಿದ್ದೋದು, ಅಂದ್ರೆ ಪ್ರೂಫ್ ನೋಡೋದು. ಬೆಳಗ್ಗೆಯಿಂದ ಸಂಜೆವರೆಗೆ ಕನ್ನಡ ಪುಟಗಳಲ್ಲಿ ತಪ್ಪು ಹುಡುಕೋದೇ ಕೆಲಸ, ಸಂಜೆ ಮನೆಗೆ ಬಂದು ಆ್ಯಪ್ ತೆಗೆದ್ರೆ ಅಲ್ಲೂ ಅದೇ. ಹೆಸರಾಂತ ಲೇಖಕರು, ಪಿಎಚ್‌ಡಿ ಮಾಡಿರೋ ಮೇಷ್ಟ್ರುಗಳು ಕಳಿಸೋ ಹಸ್ತಪ್ರತಿ ನೋಡಿದೀನಿ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಕಲಸುಮೇಲೋಗರ ಆಗಿರುತ್ತೆ, ವಿಚಾರ ಮಾತ್ರ ಚಿನ್ನದಂಗಿರುತ್ತೆ. ಸ್ಪೆಲ್ಲಿಂಗ್ ನೋಡಿ ತಲೆ ಅಳೆಯೋದನ್ನ ನಮ್ಮ ಕೆಲಸದವರು ಬಿಟ್ಟು ಬಹಳ ಕಾಲ ಆಯ್ತು.

ಮೊದಲು ಕೀಬೋರ್ಡಿನ ವಿಷಯ ಮುಗಿಸ್ಬಿಡ್ತೀನಿ. ಕನ್ನಡದಲ್ಲಿ ಮೆಸೇಜ್ ಮಾಡೋರಲ್ಲಿ ಒಂದು ತಪ್ಪು ಎಲ್ಲೆಲ್ಲೂ ಕಾಣುತ್ತೆ, 'ಕನಾ೯ಟಕ', 'ಕಾಯ೯ಕ್ರಮ'. ಸರಿಯಾಗಿ ನೋಡಿ, ಅಲ್ಲಿರೋದು ಅರ್ಕಾವತ್ತು ಅಲ್ಲ, ಕನ್ನಡದ ಒಂಬತ್ತು. ನಾವು ಕೈಯಲ್ಲಿ ಬರೆಯುವಾಗ ಅಕ್ಷರ ಬರೆದು ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಎಳೀತೀವಿ, ಆದ್ರೆ ಫೋನಲ್ಲಿ ಮೊದಲು ರ್ ಒತ್ತಿ ಆಮೇಲೆ ಅಕ್ಷರ ಒತ್ಬೇಕು, ಈ ಉಲ್ಟಾ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ, ಅದಕ್ಕೆ ಜನ ಹುಡುಕಿ ಹುಡುಕಿ ಅದರಂಗೇ ಕಾಣೋ ೯ ಹಾಕಿ ಕೈತೊಳ್ಕೋತಾರೆ. 'ಬೆ೦ಗಳೂರು' ಅನ್ನೋದ್ರಲ್ಲೂ ಎಷ್ಟೋ ಸಲ ಸೊನ್ನೆ ಜಾಗದಲ್ಲಿ ಇರೋದು ಅನುಸ್ವಾರ ಅಲ್ಲ, ಅಂಕಿಯ ಸೊನ್ನೆ, ಕಣ್ಣಿಗೆ ಗೊತ್ತೇ ಆಗಲ್ಲ, ಹುಡುಕೋಕೆ ಹೋದಾಗ ಸಿಗದೇ ಇದ್ದಾಗ ಗೊತ್ತಾಗುತ್ತೆ. ಇನ್ನು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸೋರಿಗೆ ಕೀಬೋರ್ಡೇ ಪದ ಕೊಡುತ್ತೆ, 'ನಿನ್ನ' ಅನ್ನೋಕೆ ಹೋದ್ರೆ 'ನಿನ್ನೆ' ಬಂದು ಕೂರುತ್ತೆ. ಇಂಥವನ್ನೆಲ್ಲ ಹುಡುಗನ ಖಾತೆಗೆ ಬರೀಬೇಡಿ.

ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯೋದಂತೂ ಕೇಳ್ಲೇಬೇಡಿ, ಅದಕ್ಕೆ ನಿಯಮ ಅಂತ ಒಂದಿದ್ರೆ ತಾನೆ ತಪ್ಪು ಅನ್ನೋಕೆ! ತ ಅನ್ನೋದಕ್ಕೆ ನಮ್ಮ ಕಡೆ ಟಿ ಜೊತೆ ಎಚ್ ಹಾಕ್ತೀವಿ, ಅದನ್ನೇ ಉತ್ತರ ಭಾರತದ ಕಡೆಯವರು ಥ ಅಂತ ಓದ್ತಾರೆ, ದೀರ್ಘಕ್ಕೆ ಒಬ್ರು ಎರಡು ಎ ಹಾಕ್ತಾರೆ ಇನ್ನೊಬ್ರು ಒಂದೇ ಎ. ನನ್ನ ಫ್ರೆಂಡ್ ಒಬ್ಬಳಿಗೆ ಒಬ್ಬ ಹುಡುಗ 'ಸಂಡೇ ಬರಲಾ' ಅಂತ ಕೇಳಿದ್ದ. ಎಲ್ ಎರಡು ಸಲ ಬಿದ್ದಿತ್ತು, ಕೊನೇಲಿ ಒಂದೇ ಎ, ಕ್ವೆಶ್ಚನ್ ಮಾರ್ಕೂ ಇಲ್ಲ. ಇವಳು 'ಬರಲ್ಲ' ಅಂತ ಓದ್ಕೊಂಡು, ಸರಿ ಬಿಡು ನಿನ್ನನ್ಯಾರು ಕರೆದ್ರು ಅಂತ ಸುಮ್ನಾದ್ಲು, ಅವನು ಉತ್ತರ ಬರ್ಲಿಲ್ಲ ಅಂತ ಸುಮ್ನಾದ, ಎರಡು ವಾರ ಆದ್ಮೇಲೆ ಅವಳ ಅತ್ತಿಗೆ ಆ ಮೆಸೇಜ್ ನೋಡಿ ಗಟ್ಟಿಯಾಗಿ ಓದಿ ಹೇಳಿದ್ಮೇಲೇ ವಿಷಯ ಗೊತ್ತಾಗಿದ್ದು. ಅಷ್ಟರಲ್ಲಿ ಅವನಿಗೆ ಬೇರೆ ಕಡೆ ಮಾತುಕತೆ ಶುರುವಾಗಿತ್ತು, ಅದು ಬೇರೆ ಕಥೆ.

ಈಗ ಆಸನ-ಹಾಸನದ ವಿಷಯ. ಹಳೇ ಮೈಸೂರು ಸೀಮೆ ಹಳ್ಳಿಗಳ ಕಡೆ ಮಾತಲ್ಲಿ ಪದದ ಮೊದಲ ಹ ನಿಲ್ಲೋದೇ ಕಡಿಮೆ, ಹಾಲು ಆಲೇ, ಹಸು ಅಸುವೇ. ಮನೇಲಿ ಕಿವಿಗೆ ಬಿದ್ದಿದ್ದೇ ಹಾಗೆ ಅಂದ್ಮೇಲೆ ಬರೆಯುವಾಗ ಎಲ್ಲಿ ಹ ಹಾಕ್ಬೇಕು ಎಲ್ಲಿ ಬೇಡ ಅಂತ ಪ್ರತಿ ಪದಕ್ಕೂ ನೆನಪಿಟ್ಕೋಬೇಕು, ಆ ಭಯದಲ್ಲಿ ಬೇಡದ ಕಡೆಯೂ ಹ ಬೀಳುತ್ತೆ, ಆದರದ ಸ್ವಾಗತ ಹೋಗಿ ಹಾದರದ ಸ್ವಾಗತ ಆಗೋದು ಹೀಗೇ (ಇದನ್ನ ಒಂದು ಮದುವೆ ಕಾರ್ಡಿನ ಪ್ರೂಫಲ್ಲಿ ಹಿಡಿದು ಒಂದು ಸಂಸಾರದ ಮಾನ ಉಳಿಸಿದ ಪುಣ್ಯ ನಂದು). ಶ ಸ ಅದಲುಬದಲು ಆಗೋದೂ ಹಂಗೇ. ಸ್ಕೂಲಲ್ಲಿ 'ಸಂಕರ' ಅಂದೋನನ್ನ ನೋಡಿ ನಕ್ಕಿದ್ದು ಯಾರು, ನಗಿಸ್ಕೊಂಡಿದ್ದು ಯಾವ ಕೇರಿಯವನು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ. ಕನ್ನಡದಲ್ಲಿ 'ಶುದ್ಧ' ಅನ್ನೋ ಮಾತಿನ ಹಿಂದೆ ಜಾತಿ ಕೂತಿರುತ್ತೆ, ನಾವು ಅದನ್ನ ವ್ಯಾಕರಣ ಅಂತ ಕರೀತೀವಿ ಅಷ್ಟೇ.

ಅದೇ ದಕ್ಷಿಣ ಕನ್ನಡದ ಹುಡುಗನ ಮೆಸೇಜ್ ನೋಡಿ, 'ಬರ್ತಾ ಇದ್ದೇನೆ', 'ಊಟ ಮಾಡಿದ್ದೇನೆ', ಪುಸ್ತಕದಿಂದ ಎದ್ದು ಬಂದಂಗೆ ಇರುತ್ತೆ, ನಾವು ವಾವ್ ಎಷ್ಟು ಚೆನ್ನಾಗಿ ಬರೀತಾನೆ ಅಂತೀವಿ. ಅಲ್ಲಿ ಎಷ್ಟೋ ಮನೆಯಲ್ಲಿ ಆಡೋದು ತುಳು, ಇಲ್ಲಾ ಕೊಂಕಣಿ, ಇಲ್ಲಾ ಬ್ಯಾರಿ, ಕನ್ನಡ ಕಲಿತಿದ್ದೇ ಸ್ಕೂಲಲ್ಲಿ, ಹಾಗಾಗಿ ಪುಸ್ತಕದ ಥರಾನೇ ಬರುತ್ತೆ. ಧಾರವಾಡದೋನು 'ಮಾಡಾಕತ್ತೇನ್ರಿ' ಅಂತ ಬರೆದ್ರೆ ಬೆಂಗಳೂರಿನ ಹುಡುಗಿ ಅದನ್ನೂ ತಪ್ಪು ಅಂತ ಎಣಿಸ್ತಾಳೆ, ಪಾಪ ಅವನೇನು ತಪ್ಪು ಮಾಡಿದ? ಇನ್ನೂ ಮಜಾ ಏನು ಅಂದ್ರೆ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣವೂ ಬೇಡ, ಷ ಋ ಎಲ್ಲಾ ಬೇಡ ಅಂತ ವಾದ ಮಾಡಿ ತಮ್ಮ ಪುಸ್ತಕಗಳನ್ನೇ ಆ ಥರ ಬರೆದ್ರು, ಅವರನ್ನ ಒಪ್ಪೋ ಹುಡುಗರು ಬೇಕಾದಷ್ಟಿದಾರೆ, ಹಾಗಾಗಿ ಯಾರಾದ್ರೂ 'ಬಾಶೆ' ಅಂತ ಬರೆದಿದ್ರೆ ಅವನು ಕಾಗುಣಿತ ಬರದೇ ಇರೋನೋ, ಇಲ್ಲ ನಿಮಗಿಂತ ಹೆಚ್ಚು ವ್ಯಾಕರಣ ಓದಿರೋನೋ ಅಂತ ಮೊದಲು ವಿಚಾರಿಸ್ಕೊಳ್ಳಿ.

'ಡಿಡ್ ಯೂ ಹ್ಯಾಡ್'ಗೂ ಇದೇ ಮಾತು. ನಮ್ಮ ವಯಸ್ಸಿನವರು ಸರ್ಕಾರಿ ಕನ್ನಡ ಶಾಲೇಲಿ ಓದಿದ್ರೆ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿಂದ. ಅಲ್ಲಿಂದ ಬಂದು ಡಿಪ್ಲೊಮಾನೋ ಬಿಇನೋ ಮುಗಿಸಿ ಕೆಲಸ ಹಿಡಿದೋನು ಊಟ ಆಯ್ತಾ ಅಂತ ಇಂಗ್ಲಿಷಲ್ಲಿ ಕೇಳೋಕೆ ಹೆಣಗ್ತಿರೋದು ಯಾಕೆ ಗೊತ್ತಾ? ಕನ್ನಡದಲ್ಲಿ ಕೇಳಿದ್ರೆ ಹುಡುಗಿ ಹಳ್ಳಿ ಗಮಾರ ಅಂದ್ಕೋತಾಳೆ ಅನ್ನೋ ಹೆದರಿಕೆ. ಡಿಸ್ಲೆಕ್ಸಿಯಾ, ಅಂದ್ರೆ ಓದೋಕೆ ಬರೆಯೋಕೆ ಕಷ್ಟ ಆಗೋ ತೊಂದರೆ, ಇರೋರೂ ಇದಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೇ ಕಲಿಕೆಯ ತೊಂದರೆಗಳನ್ನ ಸೇರಿಸಿದಾರೆ, ಅದನ್ನ ಯಾರೂ ಪ್ರೊಫೈಲಲ್ಲಿ ಬರ್ಕೊಳ್ಳಲ್ಲ.

ಇದು ನಿಮ್ಮೊಬ್ಬರ ಖಾಯಿಲೆ ಅಲ್ಲ ಅನ್ನೋಕೆ ಒಂದೆರಡು ವಿಷಯ. ಅಮೆರಿಕದ ಮಿಶಿಗನ್ ಯೂನಿವರ್ಸಿಟಿಯ ಜೂಲಿ ಬೋಲಂಡ್, ರಾಬಿನ್ ಕ್ವೀನ್ ಅನ್ನೋರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮನೆ ಶೇರ್ ಮಾಡೋಕೆ ಜನ ಬೇಕು ಅನ್ನೋ ಜಾಹೀರಾತಿಗೆ ಬಂದ ಇಮೇಲ್ ಅಂತ 83 ಜನಕ್ಕೆ ಓದೋಕೆ ಕೊಟ್ರು, ಕೆಲವು ಸರಿ ಇದ್ದವು, ಕೆಲವದರಲ್ಲಿ ಟೈಪಿಂಗ್ ತಪ್ಪು, ಕೆಲವದರಲ್ಲಿ ಗ್ರಾಮರ್ ತಪ್ಪು. ತಪ್ಪಿದ್ದ ಇಮೇಲಿನವರಿಗೆ ಎಲ್ಲರೂ ಕಡಿಮೆ ಮಾರ್ಕ್ಸೇ ಕೊಟ್ರು, ಆದ್ರೆ ಗ್ರಾಮರ್ ತಪ್ಪಿಗೆ ಜಾಸ್ತಿ ಕಿರಿಕಿರಿ ಪಟ್ಟೋರು ಯಾರು ಅಂದ್ರೆ ಸ್ವಭಾವದಲ್ಲೇ ಹೊಂದಾಣಿಕೆ ಕಡಿಮೆ ಇರೋರು! ಅಂದ್ರೆ ಮೆಸೇಜ್ ಬರೆದೋನ ಗುಣ ಎಷ್ಟು ಗೊತ್ತಾಯ್ತೋ ಏನೋ, ಓದಿದೋರ ಗುಣ ಗೊತ್ತಾಯ್ತು. ನೆದರ್‌ಲ್ಯಾಂಡ್ಸಿನ ಟಿಲ್ಬರ್ಗ್ ಯೂನಿವರ್ಸಿಟಿಯವರು ಡೇಟಿಂಗ್ ಪ್ರೊಫೈಲ್‌ಗಳ ಮೇಲೇ ಮಾಡಿದ ಅಧ್ಯಯನದಲ್ಲಿ, ಕೈತಪ್ಪಿ ಆದ ತಪ್ಪು ನೋಡಿದ್ರೆ ಜನ ಇವನಿಗೆ ಗಮನ ಇಲ್ಲ ಅಂದ್ಕೋತಾರೆ, ನಿಯಮದ ತಪ್ಪು ನೋಡಿದ್ರೆ ಬುದ್ಧಿ ಕಡಿಮೆ ಅಂದ್ಕೋತಾರೆ ಅಂತ ಬಂತು. ಗಮನ ಇಲ್ಲ ಅನ್ನೋದನ್ನ ನಾನೂ ಒಂದಷ್ಟು ಒಪ್ತೀನಿ, ಬುದ್ಧಿ ವಿಷಯ ಒಪ್ಪಲ್ಲ.

ಗಮನದ ಮಾತು ಬಂತಲ್ಲ, ಅಲ್ಲಿ ನಾನೂ ಕಟ್ಟುನಿಟ್ಟೇ. ನನ್ನ ಹೆಸರು ಚಾಟಿನ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಕಾಣ್ತಿರುತ್ತೆ, ಅದನ್ನ ತಪ್ಪು ಬರೆದ್ರೆ ನನಗೆ ಕೋಪ ಬರುತ್ತೆ. ಮೂರು ಪ್ರಶ್ನೆ ಕೇಳಿದ್ರೆ ಒಂದಕ್ಕೂ ಉತ್ತರ ಕೊಡದೆ 'ಮತ್ತೆ?' ಅಂತ ಹಾಕೋನು, ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಫಾರ್ವರ್ಡ್ ಮಾಡೋನು, ಇನ್ಯಾರಿಗೋ ಬರೆದಿದ್ದನ್ನ ಕಾಪಿ ಮಾಡಿ 'ನಿಮ್ಮ ಡ್ಯಾನ್ಸ್ ಫೋಟೋ ಚೆನ್ನಾಗಿದೆ' ಅಂತ ನನಗೆ ಕಳಿಸೋನು (ಜೀವಮಾನದಲ್ಲಿ ಡ್ಯಾನ್ಸ್ ಮಾಡಿಲ್ಲ ನಾನು), ಇವರ ಸ್ಪೆಲ್ಲಿಂಗ್ ಎಲ್ಲಾ ಕರೆಕ್ಟಾಗೇ ಇರುತ್ತೆ.

ಇನ್ನೊಂದು, ನಾನು ನಿಜವಾಗ್ಲೂ ನೋಡೋದು ಕ್ರಿಯಾಪದದ ಬಾಲ. ಕನ್ನಡದಲ್ಲಿ ಇದೊಂದು ಅನುಕೂಲ, ಬಂದ್ರು, ಬಂದ, ಬಂದ್ಳು, ಬಂತು, ಯಾರಿಗೆ ಯಾವುದು ಹಾಕ್ತಾನೆ ಅಂತ ಒಂದು ವಾರ ಸುಮ್ನೆ ನೋಡ್ತಿದ್ರೆ ಸಾಕು. ಒಬ್ಬ ಇದ್ದ, ಕನ್ನಡ ಅಂದ್ರೆ ಕನ್ನಡ, ಒತ್ತಕ್ಷರ ಒಂದೂ ತಪ್ಪಿಲ್ಲ, ಅಲ್ಪವಿರಾಮ ಸಮೇತ ಬರೀತಿದ್ದ, ನಂಗಂತೂ ರಜೆ ದಿನ ಸಿಕ್ಕಂಗಾಗಿತ್ತು. ಒಂದಿನ ಬರೆದ, 'ಮ್ಯಾನೇಜರ್ ಮನೆಗೆ ಬರ್ತಿದಾರೆ, ಅವರ ತಾಯಿಯವರೂ ಬರ್ತಾರೆ, ಅಡುಗೇದು ಇವತ್ತೂ ಕೈಕೊಡ್ತು, ಅದಕ್ಕೆ ಸಂಬಳ ಕೊಡೋದೇ ದಂಡ'. ಅಡುಗೇದು ಅಂದ್ರೆ ಮಿಕ್ಸಿ ಅಲ್ಲ, ಆ ಮನೇಲಿ ಆರು ವರ್ಷದಿಂದ ಅಡುಗೆ ಮಾಡ್ತಿರೋ, ಅವನ ತಾಯಿ ವಯಸ್ಸಿನ ಹೆಂಗಸು. ಮಾತು ಅಲ್ಲಿಗೇ ನಿಂತೋಯ್ತು. ಆದ್ರೆ ಇಲ್ಲೂ ಹುಷಾರಾಗಿ ನೋಡ್ಬೇಕು, ಉತ್ತರ ಕರ್ನಾಟಕದಲ್ಲಿ ಅವ್ವ ಬಂದ್ಳು ಅನ್ನೋದು ಪ್ರೀತಿ, ಹಳ್ಳಿ ಕಡೆ ಕೂಸು ಬಂತು, ಹುಡುಗಿ ಬಂತು ಅಂತಾರೆ, ಅದನ್ನೆಲ್ಲ ಅಗೌರವ ಅಂತ ಹಿಡ್ಕೋಬಾರ್ದು. ಒಂದೇ ವಾಕ್ಯದಲ್ಲಿ ಮ್ಯಾನೇಜರಿಗೆ ಬಹುವಚನ, ಅಡುಗೆಯವರಿಗೆ ನಪುಂಸಕಲಿಂಗ ಹಾಕಿದಾಗ ಅನುಮಾನಕ್ಕೆ ಜಾಗ ಇರಲ್ಲ. ನಿಮ್ಮನ್ನ ನೀವು ಅಂತಿದ್ದೋನು ಕೇಳದೆ ಮೂರನೇ ದಿನಕ್ಕೇ ಏನೇ ಬಾರೇಗೆ ಇಳಿದ್ರೂ ಲೆಕ್ಕಕ್ಕೆ ತಗೊಳ್ಳಿ.

ಫ್ರಾಡ್ ಬಗ್ಗೆಯೂ ಒಂದು ಮಾತು, ಯಾಕಂದ್ರೆ ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ತಪ್ಪು ಇಂಗ್ಲಿಷ್ ಅಂದ್ರೆ ಫೇಕ್ ಪ್ರೊಫೈಲ್ ಅಂತ ಹೇಳಿದಾರೆ. ಮೈಕ್ರೋಸಾಫ್ಟ್ ರಿಸರ್ಚಿನ ಕಾರ್ಮಾಕ್ ಹರ್ಲಿ 2012ರಲ್ಲೇ ಒಂದು ಪೇಪರ್ ಬರೆದಿದ್ರು, ಮೋಸಗಾರರು ನಂಬೋಕೆ ಆಗದಂಥ ಕಥೆ ಕಳಿಸೋದ್ರಲ್ಲೂ ಲೆಕ್ಕಾಚಾರ ಇದೆ, ಹುಷಾರಾಗಿರೋರು ಮೊದಲೇ ಜಾರ್ಕೊಳ್ಳಲಿ, ನಂಬೋರು ಮಾತ್ರ ಉಳೀಲಿ ಅಂತ. ಅದು ಆಗಿನ ಕಾಲ. ಈಗ ಚಾಟ್‌ಜಿಪಿಟಿ ಇದೆ, ಲಂಡನ್ ಡಾಕ್ಟರ್ ಅಂತ ಹೇಳ್ಕೊಂಡು ಗಿಫ್ಟ್ ಪಾರ್ಸೆಲ್ ಕಸ್ಟಮ್ಸಲ್ಲಿ ಸಿಕ್ಕಾಕೊಂಡಿದೆ ದುಡ್ಡು ಕಟ್ಟಿ ಅನ್ನೋನ ಇಂಗ್ಲಿಷೂ ಬೆಣ್ಣೆಯಲ್ಲಿ ಕೂದಲು ತೆಗೆದಂಗಿರುತ್ತೆ. ದುಡ್ಡಿನ ಮಾತು ಬಂದ ತಕ್ಷಣ ವಿಡಿಯೋ ಕಾಲ್ ಮಾಡು ಅನ್ನಿ, ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಗ್ರಾಮರ್ ನೋಡ್ಕೊಂಡು ಕೂರಬೇಡಿ. ನನಗಂತೂ ಈಗೀಗ ಒಂದೂ ತಪ್ಪಿಲ್ಲದ, ಎಲ್ಲಾ ಪ್ಯಾರಾನೂ ಒಂದೇ ಅಳತೆಯ ಮೆಸೇಜ್ ಬಂದ್ರೇನೇ ಜಾಸ್ತಿ ಅನುಮಾನ.

ಇಷ್ಟೆಲ್ಲ ಹೇಳಿದ್ಮೇಲೂ, ನಿಮಗೆ ಓದೋ ಬರೆಯೋ ಹುಚ್ಚಿದ್ದು, ಜೊತೆಗಿರೋನೂ ಪದ ಹಿಡ್ಕೊಂಡು ಆಟ ಆಡೋನೇ ಆಗ್ಬೇಕು ಅಂತಿದ್ರೆ ಅದು ನಿಮ್ಮ ಇಷ್ಟ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಅದು ಸಂಗೀತ ಬರೋನು ಬೇಕು ಅಂದಂಗೆ. ಅವನಿಗೆ ಅಷ್ಟು ಬುದ್ಧಿ ಇಲ್ಲ ಅಂತ ಮಾತ್ರ ಸೇರಿಸ್ಕೋಬೇಡಿ.

ನಿಮ್ಮ ಹುಡುಗನ ವಿಷಯಕ್ಕೆ ಬಂದ್ರೆ, ನಾನಾಗಿದ್ರೆ ನಾನೇ ಕನ್ನಡಕ್ಕೆ ಇಳೀತಿದ್ದೆ. ನೀವೇ ಇಂಗ್ಲಿಷಲ್ಲಿ ಬರೀತಿದ್ರೆ ಅವನು ಇನ್ನೇನು ಮಾಡ್ತಾನೆ? 'ಊಟ ಆಯ್ತು, ಮುದ್ದೆ ಬಸ್ಸಾರು, ನಿಮ್ದು?' ಅಂತ ಹಾಕಿ ನೋಡಿ. ಆಮೇಲೆ ಒಂದು ವಾಯ್ಸ್ ನೋಟ್ ಕಳಿಸೋಕೆ ಹೇಳಿ, ಬರೆಯೋಕೆ ತಡಕಾಡೋರು ಎಷ್ಟೋ ಜನ ಮಾತಿಗೆ ಕೂತ್ರೆ ಹೊಟ್ಟೆ ಹುಣ್ಣಾಗೋ ಥರ ನಗಿಸ್ತಾರೆ, ಇಲ್ಲಾ ಅಲ್ಲೂ ಏನೂ ಇಲ್ಲ ಅಂತ ಗೊತ್ತಾದ್ರೆ ನಿಮ್ಮ ಕೆಲಸ ಸುಲಭ ಆಯ್ತು. ಅವನ ಮೆಸೇಜ್ ತಿದ್ದಿ ವಾಪಸ್ ಕಳಿಸೋಕೆ ಹೋಗಬೇಡಿ, ದುಡ್ಡು ಕೊಟ್ರೂ ಆ ಕೆಲಸ ಬೇಜಾರಿಂದು, ಅನುಭವದಿಂದ ಹೇಳ್ತಿದೀನಿ. ಕೊನೆಗೂ ಬೇಡ ಅನ್ಸಿದ್ರೆ 'ನಮಗೆ ಹೊಂದಲ್ಲ ಅನ್ಸುತ್ತೆ, ಒಳ್ಳೇದಾಗ್ಲಿ' ಅಂತ ಒಂದು ಲೈನ್ ಹಾಕಿ ಮುಗಿಸಿ, ಸ್ಪೆಲ್ಲಿಂಗ್ ಕಾರಣ ಅಂತ ಹೇಳೋದು ಬೇಡ, ಸ್ಕ್ರೀನ್‌ಶಾಟ್ ತೆಗೆದು ಫ್ರೆಂಡ್ಸ್ ಗ್ರೂಪಲ್ಲಿ ಹಾಕಿ ನಗೋದಂತೂ ಬೇಡವೇ ಬೇಡ, ಅವನ ಕಡೆಯ ಕಸಿನ್ ಯಾರಾದ್ರೂ ಆ ಗ್ರೂಪಲ್ಲಿ ಇದ್ದೇ ಇರ್ತಾರೆ.