ಓದುಗರ ಪ್ರಶ್ನೆ: ಗೆಲ್ಲುವ ಕುದುರೆ, ಗೆಲ್ಲುವ ಬಾಕ್ಸರ್

ಪ್ರಶ್ನೆ: 2015ರ ಮೇ 2ರಂದು ಅಮೆರಿಕದಲ್ಲಿ ಒಂದೇ ದಿನ ಕೆಂಟಕಿ ಡರ್ಬಿ ಕುದುರೆ ಓಟವೂ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ಅವರ ಬಾಕ್ಸಿಂಗ್ ಪಂದ್ಯವೂ ನಡೆದವು. ಗೆಲ್ಲುತ್ತಾರೆಂದು ಯಾರ ಹೆಸರು ಹೆಚ್ಚಾಗಿ ಕೇಳಿಬಂದಿತ್ತೋ, ಎರಡು ಕಡೆಯೂ ಅವರೇ ಗೆದ್ದರು. ಬಲ್ಲವರು ಫಲಿತಾಂಶವನ್ನು ಮುಂಚೆಯೇ ಹೇಳಬಲ್ಲರು ಎಂಬುದಕ್ಕೆ ಇದು ಸಾಕ್ಷಿಯಲ್ಲವೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಸಾಕ್ಷಿ ಹೌದು, ಆದರೆ ತೀರ ಬಡಕಲು ಸಾಕ್ಷಿ. ತಾವು ಜೋಡಿಸಿರುವ ಈ ಎರಡು ಭವಿಷ್ಯಗಳು ಒಂದೇ ಜಾತಿಯವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಬಾಕ್ಸಿಂಗ್‌ನಲ್ಲಿ ರಿಂಗಿಗೆ ಇಳಿಯುವವರು ಇಬ್ಬರೇ. ಲೂಯಿವಿಲ್ ನಗರದ ಚರ್ಚಿಲ್ ಡೌನ್ಸ್‌ನಲ್ಲಿ ಅಂದು ಓಡಿದ ಕುದುರೆಗಳು 18.

ಡರ್ಬಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಅಂದು ಗೆದ್ದದ್ದು ಬಾಬ್ ಬ್ಯಾಫರ್ಟ್ ತರಬೇತಿ ನೀಡಿದ್ದ, ವಿಕ್ಟರ್ ಎಸ್ಪಿನೋಜಾ ಸವಾರಿ ಮಾಡಿದ ‘ಅಮೆರಿಕನ್ ಫೇರೋ’. ಜನರ ಮೆಚ್ಚಿನ ಕುದುರೆಯೂ ಅದೇ ಆಗಿತ್ತು. ಆದರೆ ಮೆಚ್ಚಿನ ಕುದುರೆ ಎಂದರೆ ಎಷ್ಟು ಮೆಚ್ಚಿನದು? ಅಮೆರಿಕದ ಟೋಟ್ ಪದ್ಧತಿಯಲ್ಲಿ ಆಡ್ಸ್, ಅಂದರೆ ಕಟ್ಟಿದ ಹಣಕ್ಕೆ ಗೆದ್ದರೆ ಎಷ್ಟು ಲಾಭವೆಂಬ ಅನುಪಾತವನ್ನು, ನಿಗದಿ ಮಾಡುವವರು ಪರಿಣತರಲ್ಲ. ಬಾಜಿ ಕಟ್ಟಿದ ಹಣವೆಲ್ಲ ಒಂದೆಡೆ ಸೇರಿ, ಅದರಲ್ಲಿ ನಡೆಸುವವರ ಪಾಲನ್ನೂ ತೆರಿಗೆಯನ್ನೂ ಮುರಿದುಕೊಂಡ ಮೇಲೆ, ಉಳಿದದ್ದು ಗೆದ್ದ ಕುದುರೆಯ ಟಿಕೆಟ್ ಇದ್ದವರಿಗೆ ಹಂಚಿಕೆಯಾಗುತ್ತದೆ. ಅಂದು ಅಮೆರಿಕನ್ ಫೇರೋ ಮೇಲೆ ಕಟ್ಟಿದ ಎರಡು ಡಾಲರಿಗೆ ಕೈಗೆ ಬಂದದ್ದು 7 ಡಾಲರ್ 80 ಸೆಂಟ್, ಅಂದರೆ ಒಂದಕ್ಕೆ 3.90. ಕಟ್ಟಿದ ಪ್ರತಿ ನೂರು ಡಾಲರಿನಲ್ಲಿ ಸುಮಾರು 17 ಡಾಲರ್ ಮುರಿತಕ್ಕೆ ಹೋಯಿತೆಂದು ಹಿಡಿದು ಹಿಂದುಮುಂದಾಗಿ ಲೆಕ್ಕ ಹಾಕಿದರೆ, ಈ ಕುದುರೆಯ ಮೇಲೆ ಬಿದ್ದದ್ದು ನೂರರಲ್ಲಿ 21 ಡಾಲರ್ ಮಾತ್ರ ಎಂದು ತಿಳಿಯುತ್ತದೆ. ಉಳಿದ 79 ಡಾಲರ್ ಬೇರೆ ಕುದುರೆಗಳ ಮೇಲಿತ್ತು. ಎಲ್ಲರೂ ಗೆಲ್ಲುತ್ತದೆ ಎಂದಿದ್ದ ಕುದುರೆ ಎಂದು ಇಂದು ನೆನಪಾಗುವ ಅದರ ವಿಷಯದಲ್ಲಿ ಅಂದಿನ ಜನ ಹಣದ ಮೂಲಕ ಹೇಳಿದ ಮಾತು ಇಷ್ಟೇ: ಇದು ಐದು ಸಲ ಓಡಿದರೆ ಒಂದು ಸಲ ಗೆದ್ದೀತು.

ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್‌ನಲ್ಲಿ ಅದೇ ರಾತ್ರಿ ನಡೆದ ಪಂದ್ಯದ ಲೆಕ್ಕವೇ ಬೇರೆ. ಅಲ್ಲಿ ಮೇವೆದರ್ ಪರವಾಗಿದ್ದ ಆಡ್ಸ್ ಎರಡಕ್ಕೆ ಒಂದರ ಆಸುಪಾಸಿನಲ್ಲಿತ್ತು, ಅಂದರೆ ಮೂರು ಸಲದಲ್ಲಿ ಎರಡು ಸಲ ಅವರೇ ಗೆಲ್ಲುತ್ತಾರೆ ಎಂಬ ಎಣಿಕೆ. ಇದಕ್ಕೆ ಕಾರಣಗಳೂ ಕಣ್ಣಿಗೆ ಕಾಣುವಂಥವೇ ಆಗಿದ್ದವು. ಅದುವರೆಗೆ ಆಡಿದ 47 ಪಂದ್ಯಗಳಲ್ಲಿ ಮೇವೆದರ್ ಒಂದನ್ನೂ ಸೋತಿರಲಿಲ್ಲ. ಅವರ ತೋಳಿನ ಹರವು ಎದುರಾಳಿಗಿಂತ ಐದು ಇಂಚು ಹೆಚ್ಚು. ಎಡ ಭುಜವನ್ನು ಗದ್ದಕ್ಕೆ ಒತ್ತಿ ನಿಂತು, ಬಂದ ಏಟನ್ನು ಆ ಭುಜದ ಮೇಲೆಯೇ ಜಾರಿಸಿಬಿಡುವ ಅವರ ರಕ್ಷಣೆಯನ್ನು ಭೇದಿಸಿದವರು ವಿರಳ. ಎಡಗೈ ಆಟಗಾರರಾದ ಪ್ಯಾಕಿಯಾವೊ ಎಷ್ಟೇ ವೇಗಿಯಾಗಿದ್ದರೂ 2012ರಲ್ಲಿ ಹುವಾನ್ ಮ್ಯಾನ್ವೆಲ್ ಮಾರ್ಕೆಸ್ ಎದುರು ಆರನೆಯ ಸುತ್ತಿನಲ್ಲಿ ನೆಲಕ್ಕುರುಳಿದ್ದನ್ನು ಯಾರೂ ಮರೆತಿರಲಿಲ್ಲ. ಪಂದ್ಯವೂ ಆ ಎಣಿಕೆಯಂತೆಯೇ ಸಾಗಿತು, ಅಥವಾ ಪ್ರೇಕ್ಷಕರ ಮಾತಿನಲ್ಲಿ ಹೇಳುವುದಾದರೆ, ಕೊಟ್ಟ ದುಡ್ಡಿಗೆ ಮೋಸವಾಗುವಷ್ಟು ಎಣಿಕೆಯಂತೆ ಸಾಗಿತು. ಮೇವೆದರ್ ಬೀಸಿದ 435 ಹೊಡೆತಗಳಲ್ಲಿ 148 ತಗುಲಿದವು. ಪ್ಯಾಕಿಯಾವೊ ಬೀಸಿದ 429ರಲ್ಲಿ ತಗುಲಿದ್ದು 81. ಮೂವರು ತೀರ್ಪುಗಾರರೂ ಮೇವೆದರ್ ಅವರನ್ನೇ ಗೆಲ್ಲಿಸಿದರು.

ಈಗ ಎರಡನ್ನೂ ಕೂಡಿಸಿ ನೋಡೋಣ. ಮೊದಲನೆಯದು ನೂರಕ್ಕೆ 21, ಎರಡನೆಯದು ಬುಕ್ಕಿಗಳ ಲಾಭಾಂಶ ಕಳೆದರೆ ನೂರಕ್ಕೆ ಸುಮಾರು 65. ಎರಡೂ ಒಟ್ಟಿಗೆ ಸರಿಬರುವ ಸಾಧ್ಯತೆ ನೂರಕ್ಕೆ 14ರ ಹತ್ತಿರ, ಅಂದರೆ ಏಳು ಸಲಕ್ಕೆ ಒಂದು. ಇಂಥ ದಿನ ಅಪರೂಪವೇನಲ್ಲ. ಆದರೆ ಆ ದಿನವನ್ನೇ ಆಯ್ದುಕೊಂಡು ಭವಿಷ್ಯಕಾರರಿಗೆ ಹಾರ ಹಾಕಿದರೆ ಉಳಿದ ಆರು ದಿನಗಳ ಲೆಕ್ಕ ಕೇಳುವವರು ಯಾರು? ಡರ್ಬಿಯ ಈಚಿನ ಇತಿಹಾಸ ಇದಕ್ಕೆ ತಕ್ಕ ಉದಾಹರಣೆ. 2013ರಿಂದ 2018ರವರೆಗೆ ಆರು ವರ್ಷ ಸತತವಾಗಿ ಮೆಚ್ಚಿನ ಕುದುರೆಯೇ ಗೆದ್ದಿತು. ಪ್ರವೇಶಕ್ಕೆ 2013ರಲ್ಲಿ ಬಂದ ಅಂಕ ಪದ್ಧತಿಯೇ (ಮುಂಚಿನ ನಿಗದಿತ ಓಟಗಳಲ್ಲಿ ಗಳಿಸಿದ ಅಂಕಗಳ ಮೇಲೆ ಡರ್ಬಿಗೆ ಜಾಗ) ಇದಕ್ಕೆ ಕಾರಣವೆಂದೂ, ಗಿಡ್ಡ ಓಟದ ಕುದುರೆಗಳು ಹೊರಗುಳಿದು ಫಲಿತಾಂಶ ಊಹೆಗೆ ನಿಲುಕುವಂತಾಯಿತೆಂದೂ ವಿವರಣೆಗಳು ಬಂದವು. ನಂತರ 2019ರಿಂದ 2025ರವರೆಗಿನ ಏಳು ಡರ್ಬಿಗಳಲ್ಲಿ ಒಂದನ್ನೂ ಮೆಚ್ಚಿನ ಕುದುರೆ ಗೆಲ್ಲಲಿಲ್ಲ, ಅಂಕ ಪದ್ಧತಿ ಇದ್ದೇ ಇತ್ತು. 2022ರಲ್ಲಂತೂ, ಹಿಂದಿನ ದಿನ ಬೇರೊಂದು ಕುದುರೆ ಹಿಂದೆ ಸರಿದುದರಿಂದ ಕಡೇ ಗಳಿಗೆಯಲ್ಲಿ ಜಾಗ ಸಿಕ್ಕಿದ ‘ರಿಚ್ ಸ್ಟ್ರೈಕ್’, ಒಂದಕ್ಕೆ 80ರ ಆಡ್ಸ್‌ನಲ್ಲಿ ಒಳಬದಿಯ ಸಂದಿಯಿಂದ ನುಗ್ಗಿ ಬಂದು ಗೆದ್ದಿತು.

ಈ ಓಟ ಊಹೆಗೆ ಒಗ್ಗದಿರಲು ಅದರ ಸ್ವರೂಪವೇ ಕಾರಣ. ಓಡುವವು ಮೂರು ವರ್ಷದ ಕುದುರೆಗಳು, ಇನ್ನೂ ಬೆಳೆಯುತ್ತಿರುವವು. ಒಂದೂಕಾಲು ಮೈಲಿಯ ದೂರವನ್ನು ಅವುಗಳಲ್ಲಿ ಹೆಚ್ಚಿನವು ಅದಕ್ಕೆ ಮೊದಲು ಓಡಿರುವುದೇ ಇಲ್ಲ. ಅಷ್ಟು ದೊಡ್ಡ ಗುಂಪಿನಲ್ಲಿಯೂ ಓಡಿರುವುದಿಲ್ಲ. ಮೊದಲ ತಿರುವಿನಲ್ಲಿ ದಾರಿ ಮುಚ್ಚಿಹೋದರೆ, ಎದುರಿನ ಗೊರಸುಗಳು ಎಬ್ಬಿಸಿದ ಮಣ್ಣು ಮುಖಕ್ಕೆ ರಾಚಿದರೆ, ಉತ್ತಮ ಕುದುರೆಯೂ ಹಿಂಜರಿಯುತ್ತದೆ. ವಂಶ, ಹಿಂದಿನ ಓಟಗಳ ಸಮಯ, ಬೆಳಗಿನ ಅಭ್ಯಾಸ ಎಲ್ಲವನ್ನೂ ಅರೆದು ಕುಡಿದವರಿಗೂ ಇದು ಮುಂಚಿತವಾಗಿ ಸಿಗುವ ಮಾಹಿತಿಯಲ್ಲ.

ಪ್ರಶ್ನೆ: ಹಾಗಾದರೆ ಇಬ್ಬರೇ ಸೆಣಸುವ ಬಾಕ್ಸಿಂಗ್‌ನಲ್ಲಿ ಭವಿಷ್ಯ ಹೇಳುವುದು ಸುಲಭವೆಂದಾಯಿತು. ಹೀಗಿದ್ದೂ ಮೈಕ್ ಟೈಸನ್ ಸೋಲನ್ನು ಏಕೆ ಯಾರೂ ಊಹಿಸಲಿಲ್ಲ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸುಲಭವಾದದ್ದೇ ಅಲ್ಲಿ ಮುಳುವಾಯಿತು. 1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಎದುರು ನಿಂತ ಟೈಸನ್ ಅದುವರೆಗೆ 37 ಪಂದ್ಯ ಆಡಿ 37ನ್ನೂ ಗೆದ್ದಿದ್ದರು, 33ನ್ನು ನಾಕೌಟ್‌ನಲ್ಲಿ. ಲಾಸ್ ವೇಗಸ್‌ನ ಹೆಚ್ಚಿನ ಕಸೀನೊಗಳು ಆ ಪಂದ್ಯಕ್ಕೆ ಬಾಜಿಯನ್ನೇ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ‘ಮಿರಾಜ್’ ಡಗ್ಲಸ್ ಮೇಲೆ ಒಂದಕ್ಕೆ 42ರ ಆಡ್ಸ್ ಇಟ್ಟಿತ್ತು. ಕೆಲವೇ ವಾರಗಳ ಹಿಂದೆ ತಾಯಿಯನ್ನು ಕಳೆದುಕೊಂಡಿದ್ದ ಡಗ್ಲಸ್ ಎಂದಿಗಿಂತ ಗಟ್ಟಿ ಮನಸ್ಸಿನಿಂದ ಬಂದಿದ್ದರೆಂಬುದು ಯಾವ ಅಂಕಿಪಟ್ಟಿಯಲ್ಲಿಯೂ ಇರಲಿಲ್ಲ. ಎಂಟನೆಯ ಸುತ್ತಿನಲ್ಲಿ ಒಮ್ಮೆ ಬಿದ್ದರೂ ಎದ್ದ ಅವರು ಹತ್ತನೆಯ ಸುತ್ತಿನಲ್ಲಿ ಟೈಸನ್ ಅವರನ್ನು ಕೆಡವಿದರು. ಬಿದ್ದ ಟೈಸನ್ ಮಂಡಿಯೂರಿ, ಕಳಚಿಬಿದ್ದ ಹಲ್ಲಿನ ಕವಚವನ್ನು ಗ್ಲೌಸು ತೊಟ್ಟ ಕೈಯಿಂದ ತಡಕಾಡಿ, ಅಡ್ಡಾದಿಡ್ಡಿಯಾಗಿ ಬಾಯಿಗೆ ಸಿಕ್ಕಿಸಿಕೊಂಡದ್ದನ್ನು ಆ ದೃಶ್ಯ ನೋಡಿದವರಾರೂ ಮರೆಯುವುದಿಲ್ಲ.

ಇನ್ನೊಂದು ವಿಚಿತ್ರವೂ ಉಂಟು. ಅದಕ್ಕೆ ಮುಂಚಿನ ಒಂಬತ್ತು ಸುತ್ತುಗಳಲ್ಲಿ ಡಗ್ಲಸ್ ಮೇಲುಗೈ ಸಾಧಿಸಿದ್ದರೆಂದು ಹೆಚ್ಚಿನವರ ಅಭಿಪ್ರಾಯ. ಆದರೆ ಮೂವರು ತೀರ್ಪುಗಾರರಲ್ಲಿ ಒಬ್ಬರು ಡಗ್ಲಸ್ ಅವರಿಗೆ 88–82ರ ಮುನ್ನಡೆ ಕೊಟ್ಟಿದ್ದರೆ, ಇನ್ನೊಬ್ಬರು ಸಮ ಎಂದು ಬರೆದಿದ್ದರು, ಮತ್ತೊಬ್ಬರ ಲೆಕ್ಕದಲ್ಲಿ ಟೈಸನ್ ಒಂದು ಅಂಕ ಮುಂದಿದ್ದರು. ರಿಂಗಿನ ಪಕ್ಕದಲ್ಲಿ ಕುಳಿತು ನಡೆದದ್ದನ್ನು ನೋಡಿದವರಿಗೇ ಯಾರು ಗೆಲ್ಲುತ್ತಿದ್ದಾರೆಂಬ ಒಮ್ಮತವಿಲ್ಲದಿರುವಾಗ, ಪಂದ್ಯ ಅಂಕಗಳ ಮೇಲೆ ತೀರ್ಮಾನವಾದೀತೆಂದು ಭವಿಷ್ಯ ನುಡಿಯುವವರು ಬಾಕ್ಸರುಗಳ ಜೊತೆಗೆ ತೀರ್ಪುಗಾರರನ್ನೂ ಊಹಿಸಬೇಕಾಗುತ್ತದೆ. ಗಾಯಗಳ ಗುಟ್ಟು ಇದ್ದೇ ಇದೆ: ಪ್ಯಾಕಿಯಾವೊ ಅವರ ಬಲ ಭುಜಕ್ಕೆ ಪೆಟ್ಟಾಗಿತ್ತೆಂದು ಜನರಿಗೆ ತಿಳಿದದ್ದು 2015ರ ಪಂದ್ಯ ಮುಗಿದ ಮೇಲೆ.

ಪ್ರಶ್ನೆ: ಕುದುರೆ ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟೇ ಹೇಳಿದೆ. ಅಂದಮೇಲೆ ಬೆಂಗಳೂರಿನ ಪಂಟರು (ಬಾಜಿ ಕಟ್ಟುವವರು) ಚೆನ್ನಾಗಿ ಅಧ್ಯಯನ ಮಾಡಿದರೆ ಗೆಲ್ಲಬಾರದೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮದರಾಸು ರೇಸ್ ಕ್ಲಬ್ಬಿಗೆ ಸಂಬಂಧಿಸಿದ 1996ರ ತೀರ್ಪು ಅದು. ಕುದುರೆಯ ಸಾಮರ್ಥ್ಯ, ದೇಹಸ್ಥಿತಿ, ಜಾಕಿಯ ನೈಪುಣ್ಯ, ಹೊರುವ ತೂಕ, ಓಟದ ದೂರ ಇವುಗಳನ್ನು ತೂಗಿ ನೋಡುವುದರಲ್ಲಿ ಅದೃಷ್ಟಕ್ಕಿಂತ ಕೌಶಲವೇ ಹೆಚ್ಚೆಂದು ನ್ಯಾಯಾಲಯ ಹೇಳಿತು. ಕೌಶಲವಿದ್ದವರೆಲ್ಲ ಹಣ ಗಳಿಸುತ್ತಾರೆಂದು ಹೇಳಲಿಲ್ಲ. ಬೆಂಗಳೂರಿನ ಟೋಟ್‌ನಲ್ಲಿಯೂ ಹಂಚಿಕೆಗೆ ಮೊದಲೇ ಮುರಿತ ಉಂಟು. ಆದ್ದರಿಂದ ಪಕ್ಕದಲ್ಲಿ ನಿಂತ ಪಂಟರಿಗೆ ತಿಳಿದಷ್ಟೇ ತಮಗೂ ತಿಳಿದಿದ್ದರೆ ದೀರ್ಘಕಾಲದಲ್ಲಿ ತಾವು ಕಳೆದುಕೊಳ್ಳುವುದು ಆ ಮುರಿತದಷ್ಟು. ಅದನ್ನು ಮೀರಿ ಒಂದು ರೂಪಾಯಿ ಉಳಿಯಬೇಕಾದರೂ ಅವರೆಲ್ಲರಿಗಿಂತ ಸಾಕಷ್ಟು ಹೆಚ್ಚು ತಿಳಿದಿರಬೇಕು, ಅದೂ ಒಂದು ಡರ್ಬಿಯಲ್ಲಲ್ಲ, ಸೀಸನ್ ಉದ್ದಕ್ಕೂ.