ಮನೆ ಸಿಗಲಿಲ್ಲವೋ, ಬಾಗಿಲು ತೆಗೆಯಲಿಲ್ಲವೋ?

ಪ್ರಶ್ನೆ: ಮನೆಯವರ ಫೋಟೊ, ವಿಡಿಯೊಗಳೆಲ್ಲ ಎರಡು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆಯಲ್ಲಿವೆ (ಮನೆಯ ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಸಾಧನ). ಆರು ವರ್ಷದಿಂದ ಪಾಸ್‌ವರ್ಡ್ ಇಲ್ಲದೆಯೇ ಎಲ್ಲರೂ ಬಳಸುತ್ತಿದ್ದೆವು. ಈಗ ಕೊಂಡ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪಿನಲ್ಲಿ ಮಾತ್ರ ಫೋಲ್ಡರ್ ತೆರೆಯದೆ ಏನೋ ಎರರ್ ಬರುತ್ತದೆ. ವಿಂಡೋಸ್ 10 ಹೋಮ್ ಇರುವ ಹಳೆಯ ಲ್ಯಾಪ್‌ಟಾಪಿಗೂ ಟಿ.ವಿ.ಗೂ ತೊಂದರೆಯಿಲ್ಲ. ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ1 ಆನ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾನೆ ಮಗ. ಪೆಟ್ಟಿಗೆ ಬಿಚ್ಚಿ ನೋಡಲೇ?

ಉತ್ತರ: ಸ್ಕ್ರೂಡ್ರೈವರ್ ಒಳಗಿಡಿ, ಪೆಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಟಿ.ವಿ.ಯನ್ನು ಸಾಕ್ಷಿಗೆ ಕರೆಯಬೇಡಿ, ಬಹಳಷ್ಟು ಟಿ.ವಿ.ಗಳು ಡಿಎಲ್‌ಎನ್‌ಎ ಎಂಬ ಬೇರೆಯೇ ದಾರಿಯಲ್ಲಿ ವಿಡಿಯೊ ತರಿಸಿಕೊಳ್ಳುತ್ತವೆ. ನಂಬಬೇಕಾದ ಸಾಕ್ಷಿ ಹಳೆಯ ಲ್ಯಾಪ್‌ಟಾಪು.

'ಏನೋ ಎರರ್' ಎಂದು ಬರೆದಿದ್ದೀರಿ. ನನಗೆ ಬರುವ ಪತ್ರಗಳಲ್ಲೆಲ್ಲ ಈ 'ಏನೋ' ಇದ್ದೇ ಇರುತ್ತದೆ, ಅರ್ಧ ಉತ್ತರವೂ ಅದರೊಳಗೇ ಅಡಗಿರುತ್ತದೆ. ನೆಟ್‌ವರ್ಕ್ ಫೋಲ್ಡರಿನ ದೂರುಗಳು ಮುಖ್ಯವಾಗಿ ಎರಡೇ: ಮನೆ ಸಿಗಲಿಲ್ಲ, ಇಲ್ಲವೇ ಮನೆ ಸಿಕ್ಕಿತು, ಬಾಗಿಲು ತೆಗೆಯಲಿಲ್ಲ. ಯಾವುದೆಂದು ತಿಳಿಯಲು ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಪೆಟ್ಟಿಗೆಯ ಹೆಸರಿನ ಬದಲು ಅದರ ಐಪಿ ಸಂಖ್ಯೆ ಹೊಡೆಯಿರಿ. ಉದಾಹರಣೆಗೆ \\192.168.1.20 (ನಿಮ್ಮ ಸಂಖ್ಯೆ ರೂಟರಿನ ಪಟ್ಟಿಯಲ್ಲಿರುತ್ತದೆ). ಸಂಖ್ಯೆಗೆ ತೆರೆದು ಹೆಸರಿಗೆ ತೆರೆಯದಿದ್ದರೆ ತೊಡಕು ಹೆಸರಿನದ್ದು. ಆಗ ಆ ಸಂಖ್ಯೆಯನ್ನು ರೂಟರಿನಲ್ಲಿ ಪೆಟ್ಟಿಗೆಗೇ ಮೀಸಲಿಟ್ಟು ಸಂಖ್ಯೆಯಿಂದಲೇ ಬಳಸಿ, ಮುಗಿಯಿತು.

ನಿಮ್ಮದು ಎರಡನೆಯದು ಎಂದು ನನ್ನ ಊಹೆ. 'ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ' ಎಂಬರ್ಥದ ಇಂಗ್ಲಿಷ್ ಸಾಲು ಬಂದಿರಬೇಕು. ಮನೆಯೊಳಗೆ ಯಾವ ಸಂಸ್ಥೆಯಪ್ಪಾ ಎಂದು ಗಾಬರಿಯಾಗಬೇಡಿ, ಅದು ವಿಂಡೋಸಿನ ಮಾತಿನ ಧಾಟಿ. ಪಾಸ್‌ವರ್ಡ್ ಇಲ್ಲದ ಫೋಲ್ಡರಿಗೆ ಹೋಗುವವರು ಅದರ ಲೆಕ್ಕದಲ್ಲಿ ಅತಿಥಿಗಳು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಲ್ಯಾಪ್‌ಟಾಪುಗಳು ಹೀಗೆ ಅತಿಥಿಯಾಗಿ ಹೋಗಲು ಒಪ್ಪುವುದಿಲ್ಲ. ಜೊತೆಗೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕೆನ್ನುತ್ತವೆ. ಪಾಸ್‌ವರ್ಡೇ ಇಲ್ಲದ ಅತಿಥಿ ಸಹಿ ಹಾಕುವುದಾದರೂ ಹೇಗೆ? ಹಳೆಯ ಹೋಮ್ ಆವೃತ್ತಿಗೆ ಈ ಮಡಿ ಇಲ್ಲ.

ಮಗನ ಸಲಹೆ ಬೇಡ. ಎಸ್‌ಎಂಬಿ1 ಎಂಬತ್ತರ ದಶಕದ ಸರಕು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹಬ್ಬಿದ್ದು ಅದರ ಬಿರುಕಿನಿಂದಲೇ. ಅದೇ ವರ್ಷದ ಕೊನೆಯಿಂದ ವಿಂಡೋಸ್ ಅದನ್ನು ತಾನಾಗಿ ಅಳವಡಿಸುವುದನ್ನು ನಿಲ್ಲಿಸಿತು. ಅತಿಥಿಯನ್ನು ಮತ್ತೆ ಬಿಡುವ ಸೆಟ್ಟಿಂಗೂ ವಿಂಡೋಸಿನಲ್ಲಿದೆ. ಅದಕ್ಕೆ ಮೈಕ್ರೋಸಾಫ್ಟೇ ಇಟ್ಟ ಹೆಸರಿನಲ್ಲಿ 'ಇನ್‌ಸೆಕ್ಯೂರ್' ಎಂಬ ಪದವಿದೆ, ಇನ್ನು ನಾನೇನು ಹೇಳಲಿ?

ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟದಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದು ಯೂಸರ್‌ನೇಮ್, ಪಾಸ್‌ವರ್ಡ್ ಮಾಡಿ, ಫೋಟೊ ಫೋಲ್ಡರಿಗೆ ಅನುಮತಿ ಕೊಡಿ. ಕನಿಷ್ಠ ಎಸ್‌ಎಂಬಿ2 ಎಂದು ಅಲ್ಲೇ ಆರಿಸಿ. ಲ್ಯಾಪ್‌ಟಾಪ್ ಕೇಳಿದಾಗ ಕೊಡಬೇಕಾದದ್ದು ಈ ಪಾಸ್‌ವರ್ಡನ್ನು, ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯಲು ಒತ್ತುವ ಪಿನ್ ಅಲ್ಲ. ಆ ಪಿನ್ ಪೆಟ್ಟಿಗೆಗೆ ಗೊತ್ತೇ ಇಲ್ಲ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಹೊಸ ಯೂಸರ್ ಮಾಡಿದ ಮೇಲೂ ಬಾಗಿಲು ತೆರೆಯಲಿಲ್ಲವೆಂದು ಒಂದು ಸಂಜೆಯಿಡೀ ಕೂತು ಮೂರು ಸಲ ಪಾಸ್‌ವರ್ಡ್ ಬದಲಿಸಿದೆ. ಪರದೆ ಮೇಲೆ 1219 ಎಂಬ ಅಂಕಿ ಬರುತ್ತಲೇ ಇತ್ತು, ನಾನು ಓದುತ್ತಲೇ ಇರಲಿಲ್ಲ. ಒಂದೇ ಸರ್ವರಿಗೆ ಏಕಕಾಲದಲ್ಲಿ ಎರಡು ಹೆಸರಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ ಎಂದು ಅದರ ಅರ್ಥ. ಹಳೆಯ ಹೆಸರಿನ ಸಂಪರ್ಕವನ್ನು ಅದು ಹಿಡಿದುಕೊಂಡೇ ಕೂತಿತ್ತು. ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವ, ಕಂಟ್ರೋಲ್ ಪ್ಯಾನೆಲ್ಲಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಪೆಟ್ಟಿಗೆಯ ಹಳೆಯ ನಮೂದು ಅಳಿಸಿ, ಮ್ಯಾಪ್ ಮಾಡಿದ ಡ್ರೈವ್ ಕಳಚಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಪ್ರಶ್ನೆ: ನ್ಯಾಸ್‌ನಲ್ಲಿರುವ ನನ್ನ ಫೋಲ್ಡರ್ ತೆರೆಯುತ್ತದೆ, ಫೈಲ್ ಓದಬಹುದು, ಹೊಸದನ್ನು ಸೇವ್ ಮಾಡಲು ಮಾತ್ರ ಬಿಡುವುದಿಲ್ಲ. ಶೇರ್ ಪುಟದಲ್ಲಿ ನನಗೆ ರೀಡ್-ರೈಟ್ ಎಂದೇ ಇದೆ.

ಉತ್ತರ: ಅದು ಹೊರಬಾಗಿಲಿನ ಅನುಮತಿ. ಒಳಕೋಣೆಗೆ, ಅಂದರೆ ಡಿಸ್ಕಿನ ಮೇಲಿನ ಫೋಲ್ಡರಿಗೆ, ತನ್ನದೇ ಬೇರೆ ಅನುಮತಿ ಇರುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು. ಆ ಫೋಲ್ಡರನ್ನು ಅಡ್ಮಿನ್ ಲಾಗಿನ್ನಿನಲ್ಲಿ ಕಾಪಿ ಮಾಡಿ ಹಾಕಿದ್ದಿರೇ? ಹಾಗಿದ್ದರೆ ಅದರ ಒಡೆಯ ಅಡ್ಮಿನ್. ಒಡೆತನವನ್ನು ನಿಮ್ಮ ಯೂಸರಿಗೆ ಬದಲಿಸಿ, ಒಳಗಿನ ಫೈಲುಗಳಿಗೂ ಅನ್ವಯಿಸು ಎಂಬ ಗುರುತು ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ನ್ಯಾಸ್‌ಗೆ ಯುಎಸ್‌ಬಿ ಡಿಸ್ಕ್ ಚುಚ್ಚಿದ್ದೇನೆ. ಸಣ್ಣ ಫೈಲುಗಳೆಲ್ಲ ಹೋಗುತ್ತವೆ, ಮದುವೆಯ ವಿಡಿಯೊ ಒಂದು ಮಾತ್ರ ಹೋಗುವುದಿಲ್ಲ. ನೆಟ್‌ವರ್ಕ್ ನಿಧಾನವೇ?

ಉತ್ತರ: ವಿಡಿಯೊ 4 ಜಿಬಿ ಮೀರಿದೆಯೇ ನೋಡಿ. ಮೀರಿದ್ದರೆ, ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದ್ದರೆ, ನೆಟ್‌ವರ್ಕನ್ನು ಬೈಯಬೇಡಿ. ಅಷ್ಟು ದೊಡ್ಡ ಒಂದೇ ಫೈಲು ಫ್ಯಾಟ್32ನಲ್ಲಿ ಹಿಡಿಸುವುದಿಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆ ಇಳಿಸಿ, ನಿಮ್ಮ ಪೆಟ್ಟಿಗೆ ಒಪ್ಪುವುದಾದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಇಳಿಸುವುದು ಮೊದಲು, ಫಾರ್ಮ್ಯಾಟ್ ಆಮೇಲೆ.